ಎಗಾಸ್ ಮೊನಿಜ್: ಮಿದುಳಿನ ರಕ್ತನಾಳಗಳನ್ನು ಕಾಣಿಸಿದ ವೈದ್ಯ

ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ಹಿಂದೆ ಮನೆಯ ಹಿರಿಯರು ಮೊದಲು ಹಚ್ಚುತ್ತಿದ್ದುದು ಟಿಂಚರ್ ಅಯೋಡಿನ್. ಗಾಯದ ನೋವಿಗಿಂತ ಆ ಮದ್ದಿನ ಉರಿಯೇ ಹೆಚ್ಚೆಂದು ಕೂಗಿಕೊಳ್ಳದ ಹುಡುಗರು ಅಪರೂಪ. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಗಂಜಿಯ ಮೇಲೆ ಅದೇ ಅಯೋಡಿನ್ನಿನ ಒಂದು ತೊಟ್ಟು ಬಿದ್ದೊಡನೆ ಕಡುನೀಲಿ ಬಣ್ಣ ಮೂಡಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಉಪ್ಪಿನ ಪೊಟ್ಟಣದ ಮೇಲೂ ಅದರ ಹೆಸರಿದೆ. ಇಷ್ಟು ಪರಿಚಿತವಾದ ಈ ವಸ್ತು ಮನುಷ್ಯನ ತಲೆಬುರುಡೆಯೊಳಗಿನ ಕತ್ತಲೆಗೆ ದೀಪವಾಯಿತೆಂಬ ಸಂಗತಿ ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ದೀಪವನ್ನು ಮೊದಲು ಹಚ್ಚಿದವನು ಪೋರ್ಚುಗಲ್ ದೇಶದ ಎಗಾಸ್ ಮೊನಿಜ್.

ಕಲಾ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ವೈದ್ಯನೊಬ್ಬನ ಚರಿತ್ರೆಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಈತ ಬರಿಯ ವೈದ್ಯನಲ್ಲ. ಶಾಸನಸಭೆಯಲ್ಲಿ ಕುಳಿತವನು, ಸೆರೆಮನೆಯನ್ನು ಕಂಡವನು, ರಾಯಭಾರಿಯಾದವನು, ವಿದೇಶಾಂಗ ಮಂತ್ರಿಯಾದವನು, ಗ್ರಂಥಕರ್ತನು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವುಂಟು. ಒಬ್ಬನೇ ಮನುಷ್ಯ ಲೋಕಕ್ಕೆ ಮಹೋಪಕಾರವನ್ನೂ ಮಾಡಿ, ಬಹು ಜನರ ಬಾಳಿಗೆ ಹಾನಿಯಾಗುವ ದಾರಿಯನ್ನೂ ತೆರೆದರೆ ಅವನನ್ನು ಹೇಗೆ ತೂಗಬೇಕು? ಈ ಪ್ರಶ್ನೆ ವಿಜ್ಞಾನಕ್ಕೆ ಮಾತ್ರ ಸೇರಿದ್ದಲ್ಲ. ಚರಿತ್ರೆ ಓದುವವರಿಗೂ ನೀತಿಶಾಸ್ತ್ರ ಓದುವವರಿಗೂ ಸೇರಿದ್ದು.

ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ, ಸಮುದ್ರಕ್ಕೆ ಹೆಚ್ಚು ದೂರವಿಲ್ಲದ ಅವಾಂಕ ಎಂಬ ಹಳ್ಳಿಯಲ್ಲಿ ೧೮೭೪ನೆಯ ನವೆಂಬರ್ ೨೯ರಂದು ಈತನ ಜನನವಾಯಿತು. ಮನೆತನದವರು ಇಟ್ಟ ಹೆಸರು ಅಂಟೋನಿಯೊ ಕೇಟಾನೊ ದ ಅಬ್ರಿಯು ಫ್ರೈರಿ. ಭೂಮಿಕಾಣಿಯುಳ್ಳ ಹಳೆಯ ಕುಟುಂಬ. ಪಾದ್ರಿಯಾಗಿದ್ದ ಹಿರಿಯ ಬಂಧುವೊಬ್ಬನು ತಮ್ಮ ವಂಶ ಹನ್ನೆರಡನೆಯ ಶತಮಾನದ ವೀರನಾದ ಎಗಾಸ್ ಮೊನಿಜನಿಂದ ಇಳಿದು ಬಂದುದೆಂದು ನಂಬಿ, ಮಗುವಿನ ಹೆಸರಿಗೆ ಆ ಹೆಸರನ್ನೂ ಸೇರಿಸಿದನು. ಲೋಕದಲ್ಲಿ ಉಳಿದದ್ದು ಆ ಕೊನೆಯ ಹೆಸರೇ.

ಆ ಪೂರ್ವಕಾಲದ ಎಗಾಸ್ ಮೊನಿಜನ ಕಥೆ ಪೋರ್ಚುಗಲ್ಲಿನ ಮಕ್ಕಳಿಗೆಲ್ಲ ಗೊತ್ತು. ಅವನು ರಾಜಕುಮಾರ ಅಫೊನ್ಸೊ ಹೆನ್ರಿಕನ ಗುರು. ಲಿಯೋನ್ ದೇಶದ ದೊರೆ ಮುತ್ತಿಗೆ ಹಾಕಿದಾಗ, ರಾಜಕುಮಾರನು ತಲೆಬಾಗುವನೆಂದು ತಾನೇ ಮಾತು ಕೊಟ್ಟು ಮುತ್ತಿಗೆಯನ್ನು ತೆಗೆಸಿದನಂತೆ. ರಾಜಕುಮಾರ ಆ ಮಾತನ್ನು ನಡೆಸಲಿಲ್ಲ. ಆಗ ಗುರು ತನ್ನ ಹೆಂಡತಿ ಮಕ್ಕಳೊಡನೆ, ಕೊರಳಿಗೆ ಹಗ್ಗ ಹಾಕಿಕೊಂಡು ಲಿಯೋನಿನ ದೊರೆಯ ಮುಂದೆ ಹೋಗಿ ನಿಂತು, ತಪ್ಪಿದ ಮಾತಿಗೆ ತನ್ನ ಪ್ರಾಣವನ್ನೇ ಒಪ್ಪಿಸಿದನು. ದೊರೆ ಮೆಚ್ಚಿ ಬಿಟ್ಟುಕಳುಹಿಸಿದನೆಂದು ಐತಿಹ್ಯ. ನಮ್ಮ ಪುಣ್ಯಕೋಟಿಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ಮಾತಿನ ಫಲಕ್ಕೆ ತಾನೇ ಹೊಣೆಯಾಗಿ ನಿಲ್ಲುವ ಈ ಹೆಸರು ನಮ್ಮ ಕಥಾನಾಯಕನ ಪಾಲಿಗೆ ಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹುಡುಗ ಜೆಸ್ಯುಯಿಟ್ ಪಾದ್ರಿಗಳ ಶಾಲೆಯಲ್ಲಿ ಓದಿ, ಕೊಯಿಂಬ್ರ ನಗರದ ಪುರಾತನ ವಿಶ್ವವಿದ್ಯಾಲಯವನ್ನು ಸೇರಿ, ೧೮೯೯ರಲ್ಲಿ ವೈದ್ಯನಾಗಿ ಹೊರಬಂದನು. ಕೆಲವು ವರ್ಷಗಳಲ್ಲಿ ಅಲ್ಲಿಯೇ ಅಧ್ಯಾಪಕನೂ ಆದನು. ನರಶಾಸ್ತ್ರದ ಮೇಲೆ ಅವನಿಗೆ ಒಲವು. ಆ ಶಾಸ್ತ್ರಕ್ಕೆ ಅಂದು ಫ್ರಾನ್ಸ್ ದೇಶವೇ ಕಾಶಿ. ಬೋರ್ಡೋ ಮತ್ತು ಪ್ಯಾರಿಸ್ ನಗರಗಳಿಗೆ ಹೋಗಿ ಬಾಬಿನ್‌ಸ್ಕಿ, ಪಿಯರ್ ಮರೀ ಮೊದಲಾದ ಘನ ವಿದ್ವಾಂಸರ ಬಳಿ ಅವನು ಅಭ್ಯಾಸ ಮಾಡಿದನು. ೧೯೧೧ರಲ್ಲಿ ಲಿಸ್ಬನ್ನಿನಲ್ಲಿ ಹೊಸ ವಿಶ್ವವಿದ್ಯಾಲಯ ಆರಂಭವಾದಾಗ ನರಶಾಸ್ತ್ರದ ಪ್ರಾಧ್ಯಾಪಕಪೀಠ ಅವನದಾಯಿತು. ನಿವೃತ್ತಿಯವರೆಗೂ ಅವನು ಆ ಪೀಠದಲ್ಲಿದ್ದನು.

ಯೌವನದಲ್ಲಿಯೇ ಒಂದು ವ್ಯಾಧಿ ಅವನನ್ನು ಹಿಡಿಯಿತು. ಗೌಟ್ ಎಂಬ ಸಂಧಿವಾತ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಮೊದಲಾದ ಈ ಬೇನೆ ಬರಬರುತ್ತ ಅವನ ಕೈಬೆರಳುಗಳ ಗಿಣ್ಣುಗಳನ್ನು ಊದಿಸಿ ಸೊಟ್ಟಗೆ ಮಾಡಿತು. ಕತ್ತರಿ, ಚಾಕು ಹಿಡಿದು ಸೂಕ್ಷ್ಮವಾದ ಶಸ್ತ್ರಕ್ರಿಯೆ ಮಾಡುವ ಭಾಗ್ಯ ಆ ಕೈಗಳಿಗೆ ಇರಲಿಲ್ಲ. ಮುಂದೆ ಅವನು ಕಲ್ಪಿಸಿದ ಪ್ರಯೋಗಗಳನ್ನು ಕೈಯಿಂದ ಮಾಡಿದವನು ಬಹುಮಟ್ಟಿಗೆ ಅವನ ಕಿರಿಯ ಸಹೋದ್ಯೋಗಿ ಪೆಡ್ರೊ ಅಲ್ಮೇಡ ಲಿಮ. ಒಬ್ಬನ ಬುದ್ಧಿ, ಇನ್ನೊಬ್ಬನ ಕೈ. ಈ ಜೋಡಿ ಬಹುಕಾಲ ಅಗಲಲಿಲ್ಲ.

ಆದರೆ ವಿಜ್ಞಾನ ಅವನನ್ನು ಪೂರ್ತಿಯಾಗಿ ಸೆಳೆದುಕೊಂಡದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ರಾಜಕೀಯವೇ ಅವನ ಜೀವನದ ಹೆಚ್ಚಿನ ಪಾಲನ್ನು ನುಂಗಿತು. ಶತಮಾನದ ಆರಂಭದಲ್ಲಿಯೇ ಅವನು ಶಾಸನಸಭೆಗೆ ಆರಿಸಿ ಬಂದನು. ಪೋರ್ಚುಗಲ್ಲಿನಲ್ಲಿ ಆಗ ಅರಸೊತ್ತಿಗೆ ಅಲ್ಲಾಡುತ್ತಿದ್ದ ಕಾಲ. ೧೯೦೮ರಲ್ಲಿ ಸರ್ಕಾರವನ್ನು ಉರುಳಿಸಲು ನಡೆದು ವಿಫಲವಾದ ಸಂಚಿನ ಸಂಬಂಧವಾಗಿ ಅವನು ಸೆರೆಮನೆ ಸೇರಿದನು. ೧೯೧೦ರಲ್ಲಿ ರಾಜ ಓಡಿಹೋಗಿ ಗಣರಾಜ್ಯ ಸ್ಥಾಪನೆಯಾಯಿತು. ಮೊದಲನೆಯ ಮಹಾಯುದ್ಧದ ಕೊನೆಗಾಲದಲ್ಲಿ ಅವನು ಸ್ಪೇನ್ ದೇಶಕ್ಕೆ ರಾಯಭಾರಿಯಾದನು. ೧೯೧೮ರಲ್ಲಿ ವಿದೇಶಾಂಗ ಮಂತ್ರಿಯಾಗಿ, ಪ್ಯಾರಿಸ್ಸಿನ ಶಾಂತಿಸಭೆಗೆ ತನ್ನ ದೇಶದ ನಿಯೋಗದ ನಾಯಕನಾಗಿ ಹೋದನು. ಅದೇ ಡಿಸೆಂಬರಿನಲ್ಲಿ ದೇಶದ ಅಧ್ಯಕ್ಷ ಸಿಡೋನಿಯೊ ಪೈಸ್ ಕೊಲೆಯಾದನು. ಸರ್ಕಾರ ಬದಲಾಯಿತು. ಸಂಧಿಪತ್ರಕ್ಕೆ ಸಹಿ ಬೀಳುವ ಮೊದಲೇ ನಿಯೋಗದ ನಾಯಕತ್ವ ಬೇರೊಬ್ಬನ ಪಾಲಾಯಿತು. ರಾಜಕೀಯದಿಂದ ಮನಸ್ಸು ಮುರಿದ ಮೊನಿಜ್ ಆಸ್ಪತ್ರೆಗೂ ಪಾಠಶಾಲೆಗೂ ಮರಳಿದನು. ದೇಶಕ್ಕೆ ಒಬ್ಬ ಮಂತ್ರಿ ಕಳೆದುಹೋದನು. ವೈದ್ಯಶಾಸ್ತ್ರಕ್ಕೆ ಒಬ್ಬ ಸಂಶೋಧಕ ದಕ್ಕಿದನು.

ಆ ಸಂಶೋಧನೆಯ ಬೆಲೆ ತಿಳಿಯಬೇಕಾದರೆ ಅಂದಿನ ವೈದ್ಯರ ಕಷ್ಟವನ್ನು ತಿಳಿಯಬೇಕು. ೧೮೯೫ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಮುರಿದ ಮೂಳೆಯನ್ನೂ ಮೈಯೊಳಗೆ ಹೊಕ್ಕ ಗುಂಡನ್ನೂ ನೋಡುವುದು ಸುಲಭವಾಯಿತು. ಮೂಳೆಯಲ್ಲಿರುವ ಸುಣ್ಣದ ಅಂಶ ಕಿರಣಗಳನ್ನು ತಡೆಯುತ್ತದೆ. ಅದರ ನೆರಳು ಫಲಕದ ಮೇಲೆ ಮೂಡುತ್ತದೆ. ಆದರೆ ಮಾಂಸ, ರಕ್ತ, ಮಿದುಳು ಇವೆಲ್ಲ ಬಹುಪಾಲು ಜಲಜನಕ, ಇಂಗಾಲ, ಆಮ್ಲಜನಕಗಳಂತಹ ಹಗುರ ಧಾತುಗಳಿಂದ ಆದವು. ಕಿರಣಗಳು ಅವುಗಳನ್ನು ಹೆಚ್ಚುಕಡಮೆ ಒಂದೇ ಸಮನಾಗಿ ಹಾದು ಹೋಗುತ್ತವೆ. ತಲೆಯ ಚಿತ್ರ ತೆಗೆದರೆ ಬುರುಡೆ ಕಾಣುವುದು. ಒಳಗಿನ ಮಿದುಳು ಕಾಣದು. ರೋಗಿಗೆ ತಲೆನೋವು, ವಾಂತಿ, ಕಣ್ಣು ಮಂಜು. ಒಳಗೆ ಗೆಡ್ಡೆ ಬೆಳೆದಿದೆಯೆಂದು ವೈದ್ಯನ ಊಹೆ. ಎಲ್ಲಿ ಬೆಳೆದಿದೆಯೆಂದು ತಿಳಿಯದೆ ಬುರುಡೆ ತೆರೆದರೆ, ಒಂದು ಕಡೆ ಇರುವ ಗೆಡ್ಡೆಗೆ ಇನ್ನೊಂದು ಕಡೆ ಹುಡುಕಿದಂತಾಗುತ್ತಿತ್ತು.

೧೯೧೮ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಒಂದು ಉಪಾಯ ಕಂಡುಹಿಡಿದನು. ಮಿದುಳಿನೊಳಗಿನ ಕುಹರಗಳಿಗೆ ಗಾಳಿಯನ್ನು ತುಂಬಿ ಚಿತ್ರ ತೆಗೆಯುವ ಕ್ರಮವದು. ಗಾಳಿ ಕಿರಣಗಳನ್ನು ತಡೆಯದಿರುವುದರಿಂದ ಕುಹರದ ಆಕಾರ ಕಾಣುತ್ತಿತ್ತು. ಉಪಯೋಗ ದೊಡ್ಡದು, ರೋಗಿಯ ಯಾತನೆಯೂ ಅಪಾಯವೂ ದೊಡ್ಡವು. ಫ್ರಾನ್ಸಿನಲ್ಲಿ ಸಿಕಾರ್ ಮತ್ತು ಫೊರೆಸ್ತ್ಯೆ ಎಂಬವರು ಗಸಗಸೆ ಎಣ್ಣೆಗೆ ಅಯೋಡಿನ್ ಕೂಡಿಸಿದ ಲಿಪಿಯೊಡಾಲ್ ಎಂಬ ದ್ರವವನ್ನು ಬೆನ್ನುಹುರಿಯ ಸುತ್ತಲಿನ ಅವಕಾಶಕ್ಕೆ ಸೇರಿಸಿ ಚಿತ್ರ ತೆಗೆದರು. ಮೊನಿಜನ ತಲೆಯಲ್ಲಿ ಹೊಳೆದ ವಿಚಾರ ಬೇರೆ. ಮಿದುಳಿನ ಮೂಲೆಮೂಲೆಗೂ ರಕ್ತ ಹೋಗುತ್ತದೆ. ಆ ರಕ್ತನಾಳಗಳು ಒಂದು ಕ್ಷಣ ಕಾಣುವಂತಾದರೆ ಮಿದುಳಿನ ನಕ್ಷೆಯೇ ಕೈಗೆ ಬಂದಂತೆ. ಗೆಡ್ಡೆ ಬೆಳೆದ ಕಡೆ ನಾಳಗಳು ಪಕ್ಕಕ್ಕೆ ತಳ್ಳಲ್ಪಟ್ಟಿರುತ್ತವೆ. ಬಂಡೆಯೊಂದು ಅಡ್ಡ ಬಂದಾಗ ಹೊಳೆ ಬಳಸಿ ಹರಿಯುವುದಿಲ್ಲವೆ? ಹೊಳೆಯ ಬಾಗನ್ನು ನೋಡಿ ಬಂಡೆಯ ಇರವನ್ನು ಹೇಳಬಹುದು.

ವಿಚಾರ ಸುಲಭ; ಸಾಧನ ಕಷ್ಟ. ರಕ್ತದಲ್ಲಿ ಕರಗಬೇಕು, ಕಿರಣಗಳನ್ನು ತಡೆಯಬೇಕು, ಮಿದುಳನ್ನು ಕೊಲ್ಲಬಾರದು, ಬೇಗನೆ ಮೈಯಿಂದ ಹೊರಗೆ ಹೋಗಬೇಕು. ಎಣ್ಣೆಯನ್ನು ಧಮನಿಗೆ ಬಿಟ್ಟರೆ ನಾಳವೇ ಕಟ್ಟಿಕೊಳ್ಳುವುದು. ಹಾಗಾದರೆ ಯಾವ ವಸ್ತು? ಪರಮಾಣುವಿನ ತೂಕ ಹೆಚ್ಚಿದಷ್ಟೂ ಕಿರಣಗಳನ್ನು ತಡೆಯುವ ಶಕ್ತಿ ಬಲು ವೇಗವಾಗಿ ಹೆಚ್ಚುತ್ತದೆ. ಆಮ್ಲಜನಕದ ಪರಮಾಣು ಸಂಖ್ಯೆ ೮, ಸುಣ್ಣದ ಮೂಲವಾದ ಕ್ಯಾಲ್ಸಿಯಂ ೨೦, ಬ್ರೋಮಿನ್ ೩೫, ಅಯೋಡಿನ್ ೫೩. ಬ್ರೋಮೈಡು ಅಂದು ನರರೋಗಗಳಿಗೆ ಕೊಡುತ್ತಿದ್ದ ಔಷಧವಾದುದರಿಂದ ನರವೈದ್ಯನಾದ ಮೊನಿಜ್ ಮೊದಲು ಅದರತ್ತ ಕೈಚಾಚಿದನು.

೧೯೨೬ರಲ್ಲಿ ಕೆಲಸ ಆರಂಭವಾಯಿತು. ಆಗ ಅವನಿಗೆ ಐವತ್ತೊಂದು ವರ್ಷ. ಅನೇಕರು ಸಂಶೋಧನೆಯನ್ನು ಮುಗಿಸುವ ಪ್ರಾಯದಲ್ಲಿ ಅವನು ತೊಡಗಿದನು. ಹಲವು ಲವಣಗಳ ದ್ರಾವಣಗಳನ್ನು ಮಾಡಿ ಅವುಗಳ ನೆರಳಿನ ಗಾಢತೆಯನ್ನು ಪರೀಕ್ಷಿಸಿದನು. ನಾಯಿಗಳ ಮೇಲೆ ಪ್ರಯೋಗ ನಡೆಸಿದನು. ಶವಗಳ ತಲೆಯ ಧಮನಿಗಳಿಗೆ ದ್ರಾವಣ ತುಂಬಿ ಚಿತ್ರ ತೆಗೆದು, ಆರೋಗ್ಯವಾದ ಮಿದುಳಿನಲ್ಲಿ ನಾಳಗಳು ಹೇಗೆ ಹರಡಿರುತ್ತವೆಯೆಂಬುದನ್ನು ಮೊದಲು ಕಲಿತನು. ಸರಿಯಾದುದನ್ನು ಅರಿಯದವನು ಕೆಟ್ಟುದನ್ನು ಗುರುತಿಸುವುದೆಂತು?

ಅನಂತರ ಲಿಸ್ಬನ್ನಿನ ಸಾಂತಾ ಮಾರ್ತಾ ಆಸ್ಪತ್ರೆಯಲ್ಲಿ ಜೀವಂತ ರೋಗಿಗಳ ಸರದಿ ಬಂದಿತು. ಕತ್ತಿನಲ್ಲಿ ಮಿದುಳಿಗೆ ಹೋಗುವ ದೊಡ್ಡ ಧಮನಿಗೆ ಸ್ಟ್ರಾಂಷಿಯಂ ಬ್ರೋಮೈಡಿನ ದ್ರಾವಣವನ್ನು ಚುಚ್ಚಿದರು. ಮೊದಲನೆಯ ರೋಗಿಗಳಲ್ಲಿ ಫಲ ಸಿಗಲಿಲ್ಲ. ಮುಂದೆ ಒಬ್ಬ ರೋಗಿಯಲ್ಲಿ ನಾಳಗಳ ನೆರಳು ಕೊಂಚ ಕಂಡಿತು. ಆದರೆ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಆ ರೋಗಿ ತೀರಿಕೊಂಡನು. ಮೊನಿಜ್ ದುಃಖಪಟ್ಟನು, ಬ್ರೋಮೈಡನ್ನು ಅಲ್ಲಿಗೇ ಕೈಬಿಟ್ಟನು. ಪುನಃ ಪ್ರಯೋಗಶಾಲೆಗೆ ಹೋಗಿ, ಇನ್ನೂ ಭಾರವಾದ ಪರಮಾಣುವುಳ್ಳ ಅಯೋಡಿನ್ನಿನ ಕಡೆಗೆ ತಿರುಗಿದನು. ಭಾರವಾದ ಪರಮಾಣುವಾದುದರಿಂದ ಕಡಮೆ ಸಾಂದ್ರತೆಯ ದ್ರಾವಣವೇ ಸಾಕಾಗುವುದೆಂದು ಅವನ ಲೆಕ್ಕ. ನೂರಕ್ಕೆ ೨೫ರ ಪ್ರಮಾಣದ ಸೋಡಿಯಂ ಅಯೊಡೈಡ್ ದ್ರಾವಣವನ್ನು ಅವನು ಆರಿಸಿಕೊಂಡನು.

೧೯೨೭ನೆಯ ಜೂನ್ ೨೮. ಮೇಜಿನ ಮೇಲೆ ಮಲಗಿದ್ದವನು ಇಪ್ಪತ್ತು ವರ್ಷದ ಯುವಕ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಿದ್ದವನು. ಕತ್ತನ್ನು ಸೀಳಿ ಧಮನಿಯನ್ನು ಬಿಡಿಸಿ, ರಕ್ತದ ಹರಿವನ್ನು ಸ್ವಲ್ಪ ಹೊತ್ತು ಬಿಗಿಹಿಡಿದು, ೫ ಘನ ಸೆಂಟಿಮೀಟರಿನಷ್ಟು ದ್ರಾವಣವನ್ನು ಒಳಗೆ ಬಿಟ್ಟರು. ಅದೇ ಕ್ಷಣದಲ್ಲಿ ಕಿರಣಗಳನ್ನು ಹಾಯಿಸಿದರು. ಫಲಕವನ್ನು ತೊಳೆದು ನೋಡಿದಾಗ, ಬುರುಡೆಯ ಮಬ್ಬಿನ ನಡುವೆ ಎಲೆಯುದುರಿದ ಮರದ ಕೊಂಬೆಗಳಂತೆ ಮಿದುಳಿನ ಧಮನಿಗಳು ಕವಲೊಡೆದು ನಿಂತಿದ್ದವು. ಅಷ್ಟೇ ಅಲ್ಲ, ಗೆಡ್ಡೆಯಿಂದಾಗಿ ಅವು ತಮ್ಮ ಜಾಗದಿಂದ ಸರಿದಿದ್ದವು. ಜೀವಂತ ಮನುಷ್ಯನ ಮಿದುಳಿನ ಧಮನಿಗಳ ಸ್ಪಷ್ಟ ಚಿತ್ರ ದೊರೆತದ್ದು ಅದೇ ಮೊದಲು.

ಹತ್ತು ದಿನ ಕಳೆಯುವುದರೊಳಗೆ ಮೊನಿಜ್ ಪ್ಯಾರಿಸ್ಸಿನಲ್ಲಿದ್ದನು. ಜುಲೈ ೭ರಂದು ಅಲ್ಲಿನ ನರಶಾಸ್ತ್ರ ಪರಿಷತ್ತಿನ ಮುಂದೆ ತನ್ನ ಚಿತ್ರಗಳನ್ನು ಇರಿಸಿದನು. ಒಂದು ಕಾಲದಲ್ಲಿ ಅವನಿಗೆ ಪಾಠ ಹೇಳಿದ ಬಾಬಿನ್‌ಸ್ಕಿಯೂ ಅಲ್ಲಿದ್ದು ಶಿಷ್ಯನ ಕೆಲಸವನ್ನು ಮೆಚ್ಚಿದನು. ಲಿಸ್ಬನ್ನಿನಲ್ಲಿ ಈ ಕಾರ್ಯದ ಸುತ್ತ ಒಂದು ಪಂಥವೇ ಬೆಳೆಯಿತು. ೧೯೨೯ರಲ್ಲಿ ರೈನಾಲ್ಡೊ ದೋಸ್ ಸಾಂತೋಸ್ ಹೊಟ್ಟೆಯ ಮಹಾಧಮನಿಯ ಚಿತ್ರ ತೆಗೆದನು. ೧೯೩೧ರಲ್ಲಿ ಶ್ವಾಸಕೋಶದ ನಾಳಗಳ ಸರದಿ ಬಂದಿತು. ಯೂರೋಪಿನ ಮೂಲೆಯ ಬಡ ರಾಜ್ಯವೊಂದರ ರಾಜಧಾನಿ ಕೆಲವು ಕಾಲ ಲೋಕದ ವೈದ್ಯರಿಗೆ ಯಾತ್ರಾಸ್ಥಳವಾಯಿತು.

ಆದರೂ ಕುಂದುಗಳಿದ್ದವು. ಸೋಡಿಯಂ ಅಯೊಡೈಡ್ ಧಮನಿಗೆ ಇಳಿಯುತ್ತಲೇ ರೋಗಿಗೆ ತೀವ್ರವಾದ ನೋವು; ಕೆಲವರಿಗೆ ಸೆಳವು. ೧೯೩೧ರಲ್ಲಿ ಮೊನಿಜ್ ಅದನ್ನು ಬಿಟ್ಟು ಥೊರೊಟ್ರಾಸ್ಟ್ ಎಂಬ ಹೊಸ ದ್ರವವನ್ನು ಹಿಡಿದನು. ಅದು ಥೋರಿಯಂ ಡೈಆಕ್ಸೈಡಿನ ನುಣ್ಣನೆಯ ಕಣಗಳ ದ್ರವ. ನೋವಿಲ್ಲ, ಸೆಳವಿಲ್ಲ, ಚಿತ್ರ ಅಚ್ಚುಕಟ್ಟು. ಲೋಕದಾದ್ಯಂತ ಅದು ಹಬ್ಬಿತು. ಆದರೆ ಥೋರಿಯಂ ವಿಕಿರಣಶೀಲ ಧಾತು. ಮೈಯನ್ನು ಹೊಕ್ಕ ಆ ಕಣಗಳು ಹೊರಗೆ ಹೋಗಲಿಲ್ಲ. ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ನೆಲಸಿ, ಸಾಯುವವರೆಗೂ ಒಳಗಿನಿಂದ ಸುಡುತ್ತಿದ್ದವು. ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ ಅನೇಕರಲ್ಲಿ ಯಕೃತ್ತಿನ ಕ್ಯಾನ್ಸರ್ ತಲೆದೋರಿತು. ವಿಕಿರಣದ ಭಯವನ್ನು ಎತ್ತಿಹೇಳಿದ ವೈದ್ಯರು ಆರಂಭದಲ್ಲಿಯೇ ಇದ್ದರು. ಕಣ್ಣೆದುರಿನ ಅನುಕೂಲ ಮುಂದಿನ ಕೇಡನ್ನು ಮರೆಸಿತು. ೧೯೫೦ರ ದಶಕದಲ್ಲಿ ಅದರ ಬಳಕೆ ನಿಂತಿತು.

ದಾರಿ ತಪ್ಪಿದ ಪಯಣಿಗ ಕವಲಿಗೆ ಮರಳಿದಂತೆ ವೈದ್ಯಲೋಕ ಅಯೋಡಿನ್ನಿಗೇ ಮರಳಿತು. ಅಷ್ಟು ಹೊತ್ತಿಗೆ ರಸಾಯನಶಾಸ್ತ್ರಜ್ಞರು ಅದನ್ನು ಸಾಧುವಾಗಿಸಿದ್ದರು. ೧೯೨೯ರಲ್ಲಿಯೇ ಜರ್ಮನಿಯಲ್ಲಿ ಬಿನ್ಸ್ ಮತ್ತು ರೇಟ್ ಎಂಬವರು ತಯಾರಿಸಿದ ಸಂಯುಕ್ತವೊಂದನ್ನು ಅಮೆರಿಕದ ತರುಣ ವೈದ್ಯ ಮೋಸಸ್ ಸ್ವಿಕ್ ಮೂತ್ರಪಿಂಡಗಳ ಚಿತ್ರಕ್ಕೆ ಬಳಸಿ ಗೆದ್ದಿದ್ದನು. ಅದರಲ್ಲಿ ಅಯೋಡಿನ್ ಬಿಡಿಯಾದ ಲವಣವಾಗಿರದೆ ಇಂಗಾಲದ ಉಂಗುರಕ್ಕೆ ಬಿಗಿಯಾಗಿ ಕಟ್ಟಲ್ಪಟ್ಟಿತ್ತು. ಕಟ್ಟಿದ ಹಸು ಬೇಲಿ ಮೇಯದು ಎಂಬಂತೆ, ಹೀಗೆ ಕಟ್ಟಿದ ಅಯೋಡಿನ್ ಮೈಗೆ ಅಷ್ಟಾಗಿ ತೊಂದರೆ ಕೊಡದೆ ಮೂತ್ರದೊಡನೆ ಹೊರಟುಹೋಗುತ್ತಿತ್ತು. ೧೯೫೦ರ ದಶಕದಲ್ಲಿ ಒಂದೊಂದು ಉಂಗುರಕ್ಕೆ ಮೂರು ಮೂರು ಅಯೋಡಿನ್ ಪರಮಾಣುಗಳನ್ನು ಕಟ್ಟಿದ ಸಂಯುಕ್ತಗಳು ಬಂದವು. ಇವು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತಿದ್ದುದರಿಂದ ದ್ರಾವಣ ರಕ್ತಕ್ಕಿಂತ ಐದಾರು ಪಟ್ಟು ಗಾಢವಾಗಿ, ನಾಳದಲ್ಲಿ ಉರಿ ಎಬ್ಬಿಸುತ್ತಿತ್ತು. ಸ್ವೀಡನ್ನಿನ ಟಾರ್ಸ್ಟನ್ ಆಲ್ಮೇನ್ ಈ ಉರಿಯ ಕಾರಣವನ್ನು ಯೋಚಿಸಿದನು. ಉಪ್ಪು ಹೆಚ್ಚಿರುವ ಕಡಲಿನಲ್ಲಿ ಈಜಿದಾಗ ಕಣ್ಣು ಉರಿಯುವುದು, ಉಪ್ಪು ಕಡಮೆಯಿರುವ ಕಡಲಿನಲ್ಲಿ ಅಷ್ಟು ಉರಿಯದು ಎಂಬ ಅನುಭವ ಅವನಿಗೆ ದಾರಿ ತೋರಿತು. ಒಡೆಯದೆ ಇಡಿಯಾಗಿ ಕರಗುವ ಅಯೋಡಿನ್ ಸಂಯುಕ್ತವನ್ನು ಮಾಡಬೇಕೆಂದು ೧೯೬೯ರಲ್ಲಿ ಅವನು ಬರೆದನು. ಅದರ ಫಲವಾಗಿ ೧೯೮೦ರ ದಶಕದಲ್ಲಿ ಅಯೊಹೆಕ್ಸಾಲ್ ಮೊದಲಾದ ಸೌಮ್ಯ ದ್ರಾವಣಗಳು ಬಳಕೆಗೆ ಬಂದವು. ಇಂದು ಸಿ.ಟಿ. ಸ್ಕ್ಯಾನಿಗೆ ಹೋದವರ ತೋಳಿಗೆ ಚುಚ್ಚುವುದು ಈ ಜಾತಿಯ ದ್ರವವನ್ನೇ. ಮೈಯೆಲ್ಲ ಒಮ್ಮೆ ಬೆಚ್ಚಗಾದಂತೆ ಅನ್ನಿಸುವುದೂ ಅದರಿಂದಲೇ. ಒಗ್ಗದಿರುವಿಕೆ ಉಳ್ಳವರಿಗೂ ಮೂತ್ರಪಿಂಡ ಕೆಟ್ಟವರಿಗೂ ಇಂದಿಗೂ ಎಚ್ಚರಿಕೆ ಬೇಕೆಂಬುದು ನಿಜ. ಆದರೂ ಹೃದಯದ ನಾಳ ಕಟ್ಟಿದೆಯೆ, ಮಿದುಳಿನ ಧಮನಿ ಉಬ್ಬಿದೆಯೆ ಎಂದು ವೈದ್ಯರು ನೋಡುವಾಗಲೆಲ್ಲ ೧೯೨೭ರ ಆ ದಿನ ಮರುಕಳಿಸುತ್ತದೆ.

ಮೊನಿಜನ ಚರಿತ್ರೆ ಇಲ್ಲಿಗೆ ಮುಗಿದಿದ್ದರೆ ಹೊಗಳಿಕೆಯಲ್ಲಿಯೇ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ೧೯೩೫ರಲ್ಲಿ ಅವನ ಬುದ್ಧಿ ಇನ್ನೊಂದು ದಾರಿ ಹಿಡಿಯಿತು. ಹುಚ್ಚಿಗೆ ಅಂದು ಮದ್ದಿರಲಿಲ್ಲ. ಆಸ್ಪತ್ರೆಗಳು ಸೆರೆಮನೆಗಳಂತೆ ತುಂಬಿದ್ದವು. ಮಿದುಳಿನ ಮುಂಭಾಗದಲ್ಲಿ ನರತಂತುಗಳ ಸಂಬಂಧಗಳು ಒಂದೇ ಜಾಡಿಗೆ ಬಿದ್ದು ಗಟ್ಟಿಯಾಗುವುದರಿಂದ ರೋಗಿಯ ಆಲೋಚನೆ ಅಲ್ಲಿಯೇ ಸುತ್ತುತ್ತದೆ, ಆ ತಂತುಗಳನ್ನು ಕಡಿದರೆ ರೋಗ ಬಿಡಬಹುದು ಎಂದು ಮೊನಿಜ್ ಊಹಿಸಿದನು. ಆ ವರ್ಷ ಲಂಡನ್ನಿನ ಸಮ್ಮೇಳನದಲ್ಲಿ, ಮಿದುಳಿನ ಮುಂಭಾಗ ಕಳೆದುಕೊಂಡ ಚಿಂಪಾಂಜಿಗಳ ನಡತೆಯ ವಿಷಯವೂ ಚರ್ಚೆಗೆ ಬಂದಿತ್ತು. ನವೆಂಬರ್ ೧೨ರಂದು ಅದೇ ಸಾಂತಾ ಮಾರ್ತಾ ಆಸ್ಪತ್ರೆಯಲ್ಲಿ, ಬಹುಕಾಲದಿಂದ ಖಿನ್ನಳಾಗಿದ್ದ ಹೆಂಗಸೊಬ್ಬಳ ಬುರುಡೆಗೆ ಎರಡು ರಂಧ್ರಗಳನ್ನು ಕೊರೆದು, ಅಲ್ಮೇಡ ಲಿಮ ಮದ್ಯಸಾರವನ್ನು ಒಳಗೆ ಚುಚ್ಚಿ ತಂತುಗಳನ್ನು ನಾಶಮಾಡಿದನು. ಮುಂದೆ ತಂತಿಯ ಕುಣಿಕೆಯುಳ್ಳ ಸಲಕರಣೆಯೊಂದರಿಂದ ಕಡಿಯತೊಡಗಿದರು. ಇದಕ್ಕೆ ಲ್ಯುಕಾಟಮಿ ಎಂದು ಹೆಸರು.

ಇಪ್ಪತ್ತು ರೋಗಿಗಳಿಗೆ ಈ ಶಸ್ತ್ರಕ್ರಿಯೆ ನಡೆಯಿತು. ಏಳು ಮಂದಿ ವಾಸಿಯಾದರು, ಏಳು ಮಂದಿಗೆ ಗುಣ ಕಂಡಿತು, ಆರು ಮಂದಿ ಇದ್ದಂತೆಯೇ ಇದ್ದರು ಎಂಬುದು ಮೊನಿಜನ ಎಣಿಕೆ. ಮೊದಲ ಶಸ್ತ್ರಕ್ರಿಯೆಯಾಗಿ ಇನ್ನೂ ನಾಲ್ಕು ತಿಂಗಳು ತುಂಬುವ ಮುನ್ನವೇ ಪ್ಯಾರಿಸ್ಸಿನಲ್ಲಿ ಅವನು ಫಲಿತಾಂಶವನ್ನು ಸಾರಿದನು. ರೋಗಿಗಳನ್ನು ಒದಗಿಸಿದ್ದ ಹುಚ್ಚಾಸ್ಪತ್ರೆಯ ಮುಖ್ಯಸ್ಥ ಸೊಬ್ರಾಲ್ ಸಿಡ್ ಇದನ್ನು ಒಪ್ಪಲಿಲ್ಲ. ಕಂಡದ್ದು ಗುಣವಲ್ಲ, ವ್ಯಕ್ತಿತ್ವದ ಕುಗ್ಗುವಿಕೆ ಎಂಬುದು ಅವನ ಅಭಿಪ್ರಾಯ. ಮುಂದೆ ರೋಗಿಗಳನ್ನು ಕಳುಹಿಸಲು ಅವನು ಒಪ್ಪಲಿಲ್ಲ. ಆದರೆ ಲೋಕ ಆ ಮಾತನ್ನು ಕೇಳಲಿಲ್ಲ. ೧೯೩೬ರಲ್ಲಿಯೇ ಅಮೆರಿಕದಲ್ಲಿ ಫ್ರೀಮನ್ ಮತ್ತು ವಾಟ್ಸ್ ಇದನ್ನು ಹಿಡಿದರು. ಅಲ್ಲಿ ಅದು ಸಾವಿರಾರು ಜನರ ಮೇಲೆ ನಡೆಯಿತು. ನಮ್ಮ ನಾಡಿಗೂ ಅದರ ಅಲೆ ತಾಗಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಡಾ. ಎಂ. ವಿ. ಗೋವಿಂದಸ್ವಾಮಿಯವರೂ ಅವರ ಸಹೋದ್ಯೋಗಿ ಶಸ್ತ್ರವೈದ್ಯರೂ ಭಾರತೀಯ ರೋಗಿಗಳಲ್ಲಿ ಈ ಚಿಕಿತ್ಸೆಯ ಅನುಭವವನ್ನು ೧೯೪೪ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೇರೆ ಮದ್ದಿಲ್ಲದ ಕಾಲದಲ್ಲಿ ರೋಗಿಯ ಸಂಕಟವನ್ನು ಕಂಡು ಮರುಗಿದ ವೈದ್ಯರಿಗೆ ಲೋಕದಲ್ಲೆಲ್ಲ ಇದೊಂದು ಆಸೆಯ ಎಳೆಯಾಗಿ ಕಂಡಿತ್ತೆಂಬುದನ್ನು ಮರೆಯಬಾರದು.

ಫಲ ಮಾತ್ರ ಆಸೆಯಂತೆ ಆಗಲಿಲ್ಲ. ಕೂಗಾಡುತ್ತಿದ್ದವರು ಶಾಂತರಾದರು, ಆದರೆ ಅನೇಕರಲ್ಲಿ ಆ ಶಾಂತಿ ಆರಿದ ಒಲೆಯ ಶಾಂತಿ. ಉತ್ಸಾಹವಿಲ್ಲ, ದುಃಖವಿಲ್ಲ, ನಾಳೆಯ ಯೋಚನೆಯಿಲ್ಲ. ಕೆಲವರು ಸತ್ತರು; ಕೆಲವರಿಗೆ ಮೂರ್ಛೆರೋಗ ಬಂದಿತು. ಕಡಿದ ತಂತು ಮತ್ತೆ ಕೂಡುವುದಿಲ್ಲ. ೧೯೫೦ರಲ್ಲಿ ರಷ್ಯ ಇದನ್ನು ನಿಷೇಧಿಸಿತು. ೧೯೫೨ರಿಂದೀಚೆಗೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಉಳಿದೆಡೆಯೂ ಈ ಶಸ್ತ್ರಕ್ರಿಯೆ ಹಿಂದೆ ಸರಿಯಿತು.

ಮೊನಿಜನ ಸ್ವಂತ ಬಾಳಿನಲ್ಲಿಯೂ ವಿಪತ್ತು ಬಂದಿತು. ೧೯೩೯ರಲ್ಲಿ ಮನೋರೋಗಿಯೊಬ್ಬನು ಅವನ ಕೊಠಡಿಗೆ ನುಗ್ಗಿ ಗುಂಡು ಹಾರಿಸಿದನು. ಹಲವು ಗುಂಡುಗಳು ತಗುಲಿದರೂ ಅವನು ಬದುಕಿಕೊಂಡು ಕೆಲಸಕ್ಕೆ ಮರಳಿದನು. ಎಪ್ಪತ್ತರ ಹೊತ್ತಿಗೆ ಪ್ರಾಧ್ಯಾಪಕಪೀಠದಿಂದ ನಿವೃತ್ತನಾದನು. ೧೯೪೫ರಲ್ಲಿ ಆಸ್ಲೊ ವಿಶ್ವವಿದ್ಯಾಲಯ ರಕ್ತನಾಳಗಳ ಚಿತ್ರಣಕ್ಕಾಗಿ ಅವನಿಗೆ ಬಹುಮಾನವಿತ್ತಿತು. ಅದೇ ಸಾಧನೆಗಾಗಿ ೧೯೨೮ರಷ್ಟು ಹಿಂದೆಯೇ ನೊಬೆಲ್ ಬಹುಮಾನಕ್ಕೆ ಅವನ ಹೆಸರು ಸೂಚಿತವಾಗಿತ್ತು, ಬರಲಿಲ್ಲ. ೧೯೪೯ರಲ್ಲಿ ಬಂದಿತು, ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ಸನೊಡನೆ ಹಂಚಿಕೊಂಡು. ಆದರೆ ಯಾವುದಕ್ಕಾಗಿ? ಬೆಳಕು ಕೊಟ್ಟ ಅಯೋಡಿನ್ನಿಗಾಗಿ ಅಲ್ಲ, ಕಡಿದ ತಂತುಗಳಿಗಾಗಿ! ನೊಬೆಲ್ ಪಡೆದ ಮೊದಲನೆಯ ಪೋರ್ಚುಗೀಸನೆಂದು ದೇಶ ಹಿಗ್ಗಿತು. ಎರಡನೆಯವನಿಗಾಗಿ, ಅಂದರೆ ಕಾದಂಬರಿಕಾರ ಸರಮಾಗುವಿಗಾಗಿ, ಆ ದೇಶ ೧೯೯೮ರವರೆಗೆ ಕಾಯಬೇಕಾಯಿತು. ಶಸ್ತ್ರಕ್ರಿಯೆಯಿಂದ ಕೆಟ್ಟವರ ಮನೆಯವರಲ್ಲಿ ಕೆಲವರು ಆ ಬಹುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮುಂದೆ ಕೇಳಿದರು, ಹಾಗಾಗಲಿಲ್ಲ.

ಬಿಡುವಿನ ವೇಳೆಯಲ್ಲಿ ಈತ ಇಸ್ಪೀಟು ಎಲೆಗಳ ಚರಿತ್ರೆಯನ್ನು ಬರೆದನು, ತನ್ನ ನಾಡಿನ ಕಾದಂಬರಿಕಾರ ಜೂಲಿಯೊ ದಿನಿಸನ ವಿಷಯವಾಗಿ ಗ್ರಂಥ ರಚಿಸಿದನು, ಆತ್ಮಕಥೆಯನ್ನೂ ಬರೆದನು. ಮಕ್ಕಳಿರಲಿಲ್ಲ. ೧೯೫೫ನೆಯ ಡಿಸೆಂಬರ್ ೧೩ರಂದು ಲಿಸ್ಬನ್ನಿನಲ್ಲಿ ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ ಕಾಲವಾದನು. ಅವಾಂಕದ ಅವನ ಹುಟ್ಟೂರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಇನ್ನು ತಕ್ಕಡಿಯ ಮಾತು. ಎರಡು ಕೆಲಸಗಳನ್ನೂ ಮಾಡಿದ ಬುದ್ಧಿ ಒಂದೇ, ಧೈರ್ಯ ಒಂದೇ, ಆಸ್ಪತ್ರೆಯೂ ಒಂದೇ. ಭೇದವೆಲ್ಲಿ? ೧೯೨೭ರಲ್ಲಿ ಅವನು ಮೊದಲು ಪ್ರಾಣಿಗಳಲ್ಲಿಯೂ ಶವಗಳಲ್ಲಿಯೂ ಕಲಿತನು. ರೋಗಿಯೊಬ್ಬ ಸತ್ತಾಗ ನಿಂತನು, ದಾರಿ ಬದಲಿಸಿದನು. ಫಲಕದ ಮೇಲಿನ ಚಿತ್ರ ಸುಳ್ಳು ಹೇಳುವಂತಿರಲಿಲ್ಲ. ನಾಳ ಕಂಡಿತು ಅಥವಾ ಕಾಣಲಿಲ್ಲ. ೧೯೩೫ರಲ್ಲಿ ಊಹೆಯೇ ಪ್ರಮಾಣವಾಯಿತು; ಕೆಲವೇ ತಿಂಗಳ ನೋಟವೇ ಸಾಕಾಯಿತು; ಎಚ್ಚರಿಸಿದವನ ಮಾತು ಬೇಡವಾಯಿತು. ಕಣ್ಣಿಗೆ ಕಾಣದುದನ್ನು ಕಾಣುವಂತೆ ಮಾಡುವುದು ಹೇಗೆಂದು ಲೋಕಕ್ಕೆ ಕಲಿಸಿದವನು, ತನ್ನ ಶಸ್ತ್ರದ ಫಲವನ್ನು ನಿಧಾನವಾಗಿ ನೋಡುವ ತಾಳ್ಮೆ ತೋರಲಿಲ್ಲ. ಸೋತದ್ದು ಅವನ ಜಾಣ್ಮೆಯಲ್ಲ, ಅವನ ಸಂಯಮ.

ಕೊರಳಿಗೆ ಹಗ್ಗ ಹಾಕಿಕೊಂಡು ತಪ್ಪಿದ ಮಾತಿಗೆ ಹೊಣೆಯಾಗಿ ನಿಂತ ಪುರಾತನನ ಹೆಸರನ್ನು ಈತ ಹೊತ್ತಿದ್ದನು. ಆದರೆ ತನ್ನ ಕೆಲಸದ ಪೂರ್ಣಫಲ ಬಯಲಾಗುವ ಹೊತ್ತಿಗೆ ಅವನು ಬಹುಮಟ್ಟಿಗೆ ಲೆಕ್ಕ ಮುಗಿಸಿ ಹೊರಟಿದ್ದನು. ಆ ಹಗ್ಗ ಬಿದ್ದುದು ಹೆಸರು ತಿಳಿಯದ ರೋಗಿಗಳ ಕೊರಳಿಗೆ. ನಾವು ಅವನನ್ನು ದೂಷಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅವನ ಉಪಕಾರವನ್ನು ಮರೆಯುವುದು ಕೃತಘ್ನತೆ. ಅವನ ತಪ್ಪನ್ನು ಮರೆಯುವುದು ಇನ್ನೊಮ್ಮೆ ಅದೇ ತಪ್ಪಿಗೆ ಬಾಗಿಲು ತೆರೆಯುವುದು. ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದೇ ಚರಿತ್ರೆಯನ್ನು ಓದುವವರ ಧರ್ಮ. ನಮ್ಮಲ್ಲಿ ಯಾರಾದರೂ ನಾಳೆ ಅಧಿಕಾರಿಯಾಗಲಿ, ಅಧ್ಯಾಪಕರಾಗಲಿ, ವಕೀಲರಾಗಲಿ, ಮತ್ತೊಬ್ಬರ ಬಾಳನ್ನು ತಿದ್ದುವ ಅಧಿಕಾರ ಕೈಗೆ ಬಂದಾಗ, ಮೊದಲು ಚೆನ್ನಾಗಿ ನೋಡುವ ಅಭ್ಯಾಸವಿರಲಿ. ಲಿಸ್ಬನ್ನಿನ ಆ ಬೇಸಗೆಯ ದಿನ ಐದು ಘನ ಸೆಂಟಿಮೀಟರ್ ಅಯೋಡಿನ್ ದ್ರಾವಣ ಲೋಕಕ್ಕೆ ಕಲಿಸಿದ ಪಾಠ ಅದೇ.